ನಾಟಕದ ನಡುವೆ ನಮ್ಮ 12 ಎಲ್‌ಇಡಿ ಪಾರ್ ಲೈಟುಗಳಲ್ಲಿ (ವೇದಿಕೆಗೆ ಬೆಳಕು ಚೆಲ್ಲುವ ದೀಪಗಳು) ಕೊನೆಯ ನಾಲ್ಕು ಮಿಣುಕುತ್ತಿವೆ. ಅವನ್ನು ನಿಯಂತ್ರಿಸುವ ಲೈಟಿಂಗ್ ಡೆಸ್ಕ್ ಬದಲಿಸಬೇಕಾ?

ಸುಮ್ನೆ ದುಡ್ಡು ಹಾಕಬೇಡಿ, ಮೊದಲು ಕೇಬಲ್ ನೋಡಿ. 12 ಎಲ್‌ಇಡಿ ಪಾರ್‌ಗಳಲ್ಲಿ ಕೊನೆಯ ನಾಲ್ಕು ಮಾತ್ರ ಮಿಣುಕುತ್ತವೆ ಅಂದಿದ್ದೀರಿ. ತಪ್ಪು ಡೆಸ್ಕಿನದಾಗಿದ್ದರೆ ಸಾಮಾನ್ಯವಾಗಿ ಎಲ್ಲವೂ ಕುಣಿಯಬೇಕಿತ್ತು, ಅಲ್ವಾ?

ಸಿಗ್ನಲ್ ಒಂದು ಲೈಟಿನಿಂದ ಮುಂದಿನದಕ್ಕೆ ಸಾಲಾಗಿ ಹೋಗುತ್ತದೆ, ಹಾಗಾಗಿ 8ನೇ ಲೈಟಿನಿಂದ 9ನೆಯದಕ್ಕೆ ಹೋಗುವ ಕೇಬಲ್ ಬದಲಿಸಿ. ಅದು ಮೈಕ್ ಕೇಬಲ್ಲೇ? ಮೂರು ಪಿನ್ನು ಸರಿಯಾಗಿ ಕೂರುತ್ತದೆ, ಅಲ್ಲೇ ಎಲ್ಲರೂ ಮೋಸ ಹೋಗುವುದು. ಡೆಸ್ಕಿನ ಆದೇಶವನ್ನು ಲೈಟುಗಳಿಗೆ ಒಯ್ಯುವ ಡಿಎಂಎಕ್ಸ್ ಸಿಗ್ನಲ್‌ಗೆ 120 ಓಮ್ ಆಸುಪಾಸಿನ ಇಂಪೀಡೆನ್ಸ್ (ಸಿಗ್ನಲ್‌ಗೆ ಕೇಬಲ್ ಒಡ್ಡುವ ವಿದ್ಯುತ್ ತಡೆ) ಇರುವ ಕೇಬಲ್ಲೇ ಬೇಕು.

ಆಮೇಲೆ ಕೊನೆಯ ಲೈಟಿನ ಔಟ್‌ಗೆ ಟರ್ಮಿನೇಟರ್ ಹಾಕಿ. ಅದೇನು ದೊಡ್ಡ ವಸ್ತುವಲ್ಲ. ಒಂದು ಪ್ಲಗ್ಗಿನ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿದರೆ ಆಯ್ತು. ಅದಿಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ಹಿಂದಿರುಗಿ, ಹೊಸದಾಗಿ ಬರುವ ಸಿಗ್ನಲ್ ಜೊತೆ ಕಲಸಿಹೋಗುತ್ತದೆ. ವೈ ಕೇಬಲ್ ಹಾಕಿ ಲೈನನ್ನು ಕವಲು ಮಾಡಿದ್ದರೆ ತೆಗೆಯಿರಿ, ಅದಕ್ಕೆ ಸ್ಪ್ಲಿಟರ್ (ಸಿಗ್ನಲನ್ನು ಸರಿಯಾಗಿ ಹಲವು ಲೈನುಗಳಿಗೆ ಹಂಚುವ ಪೆಟ್ಟಿಗೆ) ಬೇಕು. ನಾನೂ ಒಮ್ಮೆ ರಾತ್ರಿಯಿಡೀ ಡೆಸ್ಕಿಗೆ ಬೈದಿದ್ದೆ. ಬೆಳಗ್ಗೆ ಸಿಕ್ಕಿದ್ದು ಬಿಟ್ಟುಹೋದ ಒಂದು ಬೆಸುಗೆ!

ಇಷ್ಟಾದರೂ ಡೆಸ್ಕ್ ಕೊಳ್ಳಲೇಬೇಕೆಂದರೆ ಚಾನೆಲ್ ಚಿಂತೆ ಬೇಡ. ಬಣ್ಣ, ಪ್ರಕಾಶ ಹೀಗೆ ಒಂದೊಂದು ಗುಣವನ್ನು ನಿಯಂತ್ರಿಸಲು ಒಂದೊಂದು ಚಾನೆಲ್; ಪಾರ್‌ಗೆ 7ರಂತೆ 84 ಆಯ್ತು, ಒಂದು ಯೂನಿವರ್ಸಿನಲ್ಲಿ (ಒಂದು ಡಿಎಂಎಕ್ಸ್ ಲೈನಿನಲ್ಲಿ) 512 ಇವೆ. ನಾಟಕಕ್ಕೆ ಮುಖ್ಯವಾದದ್ದು ಕ್ಯೂ ಲಿಸ್ಟ್ (ಬೆಳಕಿನ ಬದಲಾವಣೆಗಳನ್ನು ಕ್ರಮವಾಗಿ ಉಳಿಸಿಟ್ಟ ಪಟ್ಟಿ), ಪ್ರತಿ ಕ್ಯೂಗೂ ಬೇರೆ ಫೇಡ್ ಸಮಯ (ಬೆಳಕು ನಿಧಾನವಾಗಿ ಬದಲಾಗುವ ಅವಧಿ), ಮುಂದಿನ ಕ್ಯೂ ಶುರುಮಾಡಲು ಕತ್ತಲಲ್ಲೂ ಕೈಗೆ ಸಿಗುವ ಗೋ ಬಟನ್.