ಗೂಟಿಗೂ ಗಾಯಕ್ಕೂ ಒಂದೇ ಪಾಚಿ

ಪ್ರಶ್ನೆ: ದಾಳಿಂಬೆಗೆ ಗೂಟಿ ಕಟ್ಟಲು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಲು, ನರ್ಸರಿಯವರು ಒಣಗಿದ ಮಾಸ್ (ಪಾಚಿ) ಮಾರುತ್ತಾರೆ. ನಮ್ಮ ಬಾವಿಕಟ್ಟೆಯ ತುಂಬ ಪಾಚಿ ಇದೆ. ಅದನ್ನೇ ಬಳಸಬಾರದೇ?

ಉತ್ತರ: ಬಳಸಿದರೆ ಕೈಕೊಡುವುದೇ ಹೆಚ್ಚು. ಬಾವಿಕಟ್ಟೆಯದು ಬೇಗ ಒಣಗುತ್ತದೆ, ಮಣ್ಣೂ ಅಂಟಿರುತ್ತದೆ. ನರ್ಸರಿಯದು ಸ್ಫ್ಯಾಗ್ನಮ್, ಜೌಗು ನೆಲದ್ದು. ಅದರ ಎಲೆಯಲ್ಲಿ ಸಪೂರ ಹಸಿರು ಕೋಶಗಳ ನಡುವೆ ದೊಡ್ಡ ಸತ್ತ ಕೋಶಗಳಿವೆ. ಒಳಗೆ ಖಾಲಿ, ಗೋಡೆಯಲ್ಲಿ ತೂತು. ಒಣತೂಕದ ಸುಮಾರು 20 ಪಟ್ಟು ನೀರು ಕುಡಿಯುವುದು ಇವುಗಳಿಂದಲೇ.

ಮಾಸನ್ನು ರಾತ್ರಿಯಿಡೀ ನೆನೆಸಿ, ಹನಿ ಬೀಳದಷ್ಟು ಹಿಂಡಿ. ಮಳೆಗಾಲದ ಶುರುವಿನಲ್ಲಿ ಪೆನ್ಸಿಲ್ ದಪ್ಪದ ಬಲಿತ ಕೊಂಬೆ ಆರಿಸಿ, ಒಂದಿಂಚು ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ. ಒಳಗಿನ ಜಾರುವ ಪದರವನ್ನು ಚಾಕುವಿನಿಂದ ಪೂರ್ತಿ ಕೆರೆಯಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ಅದು ಚೂರು ಉಳಿದರೂ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಎಲೆಯಿಂದ ಇಳಿಯುವ ಆಹಾರ ಮೇಲಂಚಿನಲ್ಲಿ ತಡೆದು ನಿಲ್ಲುವುದರಿಂದ ಬೇರು ಒಡೆಯುವುದೂ ಅಲ್ಲೇ. ಬೇರು ಬರಿಸುವ ಪುಡಿಯನ್ನು ಆ ಅಂಚಿಗೇ ಹಚ್ಚಿ. ಒಂದು ಹಿಡಿ ಮಾಸ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಿರಿ. ಮೇಲಿನ ಗಂಟು ಸಡಿಲವಾದರೆ ಕೊಂಬೆಗುಂಟ ಇಳಿದ ಮಳೆನೀರು ಒಳಗೆ ನಿಂತು ಕೊಳೆಯುತ್ತದೆ. ಒಂದೂವರೆ-ಎರಡು ತಿಂಗಳಿಗೆ ಹಾಳೆಯೊಳಗೆ ಬೇರು ಕಂದುಬಣ್ಣಕ್ಕೆ ತಿರುಗಿದಾಗ ಗಂಟಿನ ಕೆಳಗೆ ಅರ್ಧ ಕೊಯ್ದು, ವಾರ ಬಿಟ್ಟು ಪೂರ್ತಿ ಕತ್ತರಿಸಿ ನೆರಳಿನಲ್ಲಿ ನೆಡಿ.

ಪ್ರಶ್ನೆ: ಯುದ್ಧದಲ್ಲಿ ಗಾಯಕ್ಕೆ ಪಾಚಿ ಕಟ್ಟುತ್ತಿದ್ದರಂತೆ, ನಿಜವೇ?

ಉತ್ತರ: ನಿಜ, ಅದೂ ಇದೇ ಸ್ಫ್ಯಾಗ್ನಮ್. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಿಡಿಮದ್ದಿಗೂ ಬೇಕಾಗಿ ಬ್ರಿಟನ್ನಿನಲ್ಲಿ ಅಭಾವವಾಯಿತು. 1914ರಲ್ಲಿ ಎಡಿನ್‌ಬರೊದ ಶಸ್ತ್ರವೈದ್ಯ ಚಾರ್ಲ್ಸ್ ಕ್ಯಾತ್‌ಕಾರ್ಟ್ ಮತ್ತು ಸಸ್ಯವಿಜ್ಞಾನಿ ಐಸಾಕ್ ಬೇಲಿ ಬಾಲ್ಫರ್ ಇದನ್ನು ಮುಂದಿಟ್ಟರು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಜೌಗಿನಲ್ಲಿ ಊರಿನವರೇ ಕೈಯಿಂದ ಕಿತ್ತು, ಕಸಕಡ್ಡಿ ಹೆಕ್ಕಿ, ಒಣಗಿಸಿ, ತೆಳುಬಟ್ಟೆಯ ಚೀಲಗಳಲ್ಲಿ ತುಂಬುತ್ತಿದ್ದರು. 1918ರ ಹೊತ್ತಿಗೆ ತಿಂಗಳಿಗೆ ಸುಮಾರು 10 ಲಕ್ಷ ಪಟ್ಟಿಗಳು ಹೋಗುತ್ತಿದ್ದವು. ಹತ್ತಿ ತೊಯ್ದ ಜಾಗದಲ್ಲೇ ನೆನೆದರೆ, ಇದು ಕೀವನ್ನು ಪಟ್ಟಿಯ ತುಂಬ ಹರಡಿ ಹೀರುತ್ತಿತ್ತು. ಜೊತೆಗೆ ಇದರ ಆಮ್ಲಗುಣದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ.

ಹಾಗೆಂದು ಗೂಟಿಯ ಮಾಸನ್ನು ಗಾಯಕ್ಕೆ ಒತ್ತಬೇಡಿ. ಅದರಲ್ಲಿ ಸ್ಪೊರೊಥ್ರಿಕ್ಸ್ ಎಂಬ ಶಿಲೀಂಧ್ರ ಇರಬಹುದು. ಚರ್ಮದ ಗೀರಿನಿಂದ ಒಳಹೊಕ್ಕರೆ ಗಂಟಾಗಿ, ಹುಣ್ಣಾಗಿ ತಿಂಗಳುಗಟ್ಟಲೆ ಕಾಡುತ್ತದೆ. ದಾಳಿಂಬೆಯ ಮುಳ್ಳಂತೂ ಗೀರದೆ ಬಿಡುವುದಿಲ್ಲ. ಕೈಗವಸು ಹಾಕಿಕೊಂಡೇ ಕಟ್ಟಿ.