ಹದಿನಾರು ಬಾಗಿಲು, ಒಂದೇ ಹಿಡಿತ: ಆಕ್ಸೆಸ್ ಕಂಟ್ರೋಲ್ ಕುರಿತು ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಮಷಿನ್ ಬಿಡಿಭಾಗ ಮಾಡುವ ಕಾರ್ಖಾನೆ. ಕೆಳಗೆ ಶಾಪ್ ಫ್ಲೋರ್ ಮತ್ತು ಸ್ಟೋರು, ಮೇಲಿನ ಎರಡು ಮಹಡಿಯಲ್ಲಿ ಆಫೀಸು. 140 ಜನ ಇದ್ದೇವೆ. ಐದು ಬಾಗಿಲಿಗೆ ಬಿಡಿಬಿಡಿಯಾಗಿ ಬೆರಳಚ್ಚಿನ ಮಷಿನ್ ಹಾಕಿಸಿದ್ದೇವೆ. ಯಾರಾದರೂ ಕೆಲಸ ಬಿಟ್ಟರೆ ಐದೂ ಕಡೆ ಹೋಗಿ ಹೆಸರು ಅಳಿಸಬೇಕು, ಒಂದು ಕಡೆ ಮರೆತೇ ಹೋಗುತ್ತದೆ. ಈಗ 16 ಬಾಗಿಲನ್ನೂ ಸೇರಿಸಿ ಒಂದೇ ಕಡೆಯಿಂದ ನಿಭಾಯಿಸೋಣ ಎಂದು ಮೂರು ಕೋಟೇಶನ್ ತರಿಸಿದ್ದೇವೆ. ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. ಏನು ನೋಡಿ ಆರಿಸಬೇಕು?

ಉತ್ತರ: ತಾಳೆಯಾಗದಿರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ. ಹೆಸರು ಒಂದಾದರೂ ಬೆಲೆ ಹೇಳಿರುವುದು ಬೇರೆ ಬೇರೆ ವಸ್ತುವಿಗೆ. ಒಬ್ಬರು ಬಾಗಿಲಿನ ಹೊರಗೆ ಕೂರಿಸುವ ಮಷಿನ್‌ಗಳನ್ನೇ ನೆಟ್‌ವರ್ಕಿಗೆ ಜೋಡಿಸಿ 'ಸೆಂಟ್ರಲೈಸ್ಡ್' ಎನ್ನುತ್ತಾರೆ. ಇನ್ನೊಬ್ಬರು, ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಕಂಟ್ರೋಲರ್ ಬೋರ್ಡನ್ನು ಒಳಗೆ ಬೀಗ ಹಾಕಿದ ಡಬ್ಬದಲ್ಲಿಟ್ಟು ಹೊರಗೆ ಕಾರ್ಡನ್ನೋ ಬೆರಳನ್ನೋ ಓದುವ ರೀಡರ್ ಮಾತ್ರ ಹಾಕುತ್ತಾರೆ. ಮೊದಲನೆಯದು ಅಗ್ಗ. ಆದರೆ ಬೀಗ ಬಿಡಿಸುವ ಸ್ವಿಚ್ಚು, ಅಂದರೆ ರಿಲೇ, ಹೊರಗಿನ ಮಷಿನ್ ಒಳಗೇ ಇರುತ್ತದೆ. ಸ್ಕ್ರೂ ಬಿಚ್ಚಿ ಮಷಿನನ್ನು ಗೋಡೆಯಿಂದ ಎಳೆದು, ಹಿಂದೆ ಬಂದಿರುವ, ಒಳಗಿನಿಂದ ಹೊರಬರುವವರು ಒತ್ತುವ ಎಕ್ಸಿಟ್ ಬಟನ್ನಿನ ಎರಡು ವೈರ್ ಒಂದಕ್ಕೊಂದು ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಕಾರ್ಡೂ ಬೇಡ, ಬೆರಳೂ ಬೇಡ. ಹಾಜರಾತಿಗೆ ಅಂಥ ಮಷಿನ್ ಸಾಕು. ಸ್ಟೋರು, ಸರ್ವರ್ ಕೋಣೆ, ಅಕೌಂಟ್ಸ್ ಬಾಗಿಲಿಗೆ ಮಾತ್ರ ಬೇಡವೇ ಬೇಡ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಬಾಗಿಲಿನ ಪಟ್ಟಿ. ಹದಿನಾರೂ ಬಾಗಿಲಿಗೆ ನಿಜಕ್ಕೂ ಬೇಕೇ? ಊಟದ ಕೋಣೆಗೆ, ಇಡೀ ದಿನ ಜನ ಓಡಾಡುವ ಮೀಟಿಂಗ್ ರೂಮಿಗೆ ರೀಡರ್ ಹಾಕಿದರೆ ವಾರದೊಳಗೆ ಯಾರೋ ಬಾಗಿಲಿಗೆ ಕುರ್ಚಿ ಅಡ್ಡ ಇಡುತ್ತಾರೆ. ಉಳಿದ ಪ್ರತಿ ಬಾಗಿಲಿಗೂ ಒಂದೊಂದು ಸಾಲು ಬರೆಯಿರಿ: ಮರವೋ ಗಾಜೋ ಕಬ್ಬಿಣವೋ, ಯಾವ ಕಡೆ ತೆರೆಯುತ್ತದೆ, ಡೋರ್ ಕ್ಲೋಸರ್ ಇದೆಯೇ, ತುರ್ತಿನಲ್ಲಿ ಜನ ಇದೇ ದಾರಿಯಲ್ಲಿ ಹೊರಬರಬೇಕೇ, ಕಂಟ್ರೋಲರ್ ಇಡುವ ಜಾಗಕ್ಕೆ ವೈರ್ ಎಷ್ಟು ಮೀಟರ್. ತಾನಾಗಿ ಮುಚ್ಚಿಕೊಳ್ಳದ ಬಾಗಿಲಿಗೆ ಎಷ್ಟು ದುಬಾರಿ ರೀಡರ್ ಹಾಕಿದರೂ ದುಡ್ಡು ನೀರಿನಲ್ಲಿ ಹೋಮ. ಈ ಪಟ್ಟಿಯನ್ನು ಮೂವರಿಗೂ ಕೊಟ್ಟು, ಬಾಗಿಲಿನ ಲೆಕ್ಕದಲ್ಲಿ ಮತ್ತೆ ಬೆಲೆ ಕೇಳಿ. ಕಂಟ್ರೋಲರ್, ರೀಡರ್, ಬೀಗ, ಬ್ರಾಕೆಟ್, ಎಕ್ಸಿಟ್ ಬಟನ್, ಬಾಗಿಲು ಮುಚ್ಚಿದೆಯೋ ಇಲ್ಲವೋ ಹೇಳುವ ಡೋರ್ ಸೆನ್ಸರ್, ಪವರ್ ಸಪ್ಲೈ, ಬ್ಯಾಟರಿ, ವೈರ್, ಸಾಫ್ಟ್‌ವೇರ್ ಲೈಸೆನ್ಸ್, ಎಲ್ಲಕ್ಕೂ ಪ್ರತ್ಯೇಕ ಬೆಲೆ ಇರಲಿ. ಡೋರ್ ಸೆನ್ಸರನ್ನು ಕೈಬಿಟ್ಟೇ ಬೆಲೆ ಇಳಿಸುವವರಿದ್ದಾರೆ. ಅದಿಲ್ಲದಿದ್ದರೆ ಬಾಗಿಲನ್ನು ಒಡೆದು ತೆರೆದರೂ, ಅರ್ಧ ಗಂಟೆ ಹಾಗೇ ಬಿಟ್ಟರೂ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ.

ಒಂದು ಬಾಗಿಲಿನ ಕಂಟ್ರೋಲರೋ ನಾಲ್ಕು ಬಾಗಿಲಿನದೋ ಎಂಬ ಪ್ರಶ್ನೆಯೂ ಬರುತ್ತದೆ. ಬಾಗಿಲುಗಳು ಹತ್ತಿರಹತ್ತಿರ ಇರುವ ಮಹಡಿಯಲ್ಲಿ ನಾಲ್ಕರದು ಅಗ್ಗ. ಬೋರ್ಡು ಕೆಟ್ಟರೆ ನಾಲ್ಕೂ ಬಾಗಿಲು ಒಟ್ಟಿಗೆ ಕೈಕೊಡುತ್ತವೆ, ಅಷ್ಟೇ ತೊಂದರೆ. ಮುಖ್ಯ ದ್ವಾರವನ್ನೂ ಸರ್ವರ್ ಕೋಣೆಯನ್ನೂ ಒಂದೇ ಬೋರ್ಡಿಗೆ ಹಾಕಿಸಬೇಡಿ.

ಡೆಮೊ ಕೊಡಲು ಬಂದವರ ಎದುರಿಗೇ ಕಂಟ್ರೋಲರಿನ ನೆಟ್‌ವರ್ಕ್ ಕೇಬಲ್ ಎಳೆದುಬಿಡಿ. ಕಾರ್ಡು ಮೊದಲಿನಷ್ಟೇ ಬೇಗ ಕೆಲಸ ಮಾಡಬೇಕು, ಸಮಯದ ಮಿತಿ ಇರುವ ಕಾರ್ಡು ಆ ಹೊತ್ತಿಗೆ ತಿರಸ್ಕೃತವಾಗಲೇಬೇಕು. ಆಮೇಲೆ ಕಂಟ್ರೋಲರಿನ ಕರೆಂಟು ಮತ್ತು ಬ್ಯಾಟರಿ ಎರಡನ್ನೂ ತೆಗೆದು ಐದು ನಿಮಿಷ ಬಿಟ್ಟು ಹಾಕಿ, ಕೇಬಲನ್ನೂ ಜೋಡಿಸಿ. ನಡುವೆ ನಡೆದದ್ದೆಲ್ಲ ಸರಿಯಾದ ಸಮಯದೊಂದಿಗೆ ಸರ್ವರಿಗೆ ಬರಬೇಕು. ಗಡಿಯಾರ ಹಿಂದಕ್ಕೆ ಹೋಗಿದ್ದರೆ ಆ ಬೋರ್ಡು ಬೇಡ. ಇನ್ನೊಂದು: ಕಂಪ್ಯೂಟರಿನಲ್ಲಿ ಒಬ್ಬರ ಹೆಸರು ತೆಗೆದ ಮೇಲೆ ಬಾಗಿಲಿನಲ್ಲಿ ಅವರ ಕಾರ್ಡು ಕೆಲಸ ಮಾಡುವುದು ನಿಲ್ಲಲು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಿ. ನೀವು ಹೊಸದಕ್ಕೆ ಹೊರಟಿರುವುದೇ ಈ ಕಾರಣಕ್ಕೆ. ಸಂಪರ್ಕ ತಪ್ಪಿರುವ ಕಂಟ್ರೋಲರಿಗೆ ಹೆಸರು ತೆಗೆದ ಸುದ್ದಿ ಮುಟ್ಟುವುದಿಲ್ಲ. ಹಾಗಾಗಿ ಯಾವ ಬಾಗಿಲು ಆಫ್‌ಲೈನ್ ಆಗಿದೆ ಎಂದು ಪರದೆಯಲ್ಲಿ ಎದ್ದು ಕಾಣಬೇಕು.

ಪ್ರಶ್ನೆ: ಬೆರಳಚ್ಚು ಬೇಡ, ಕಾರ್ಡು ಸಾಕು ಎನ್ನುತ್ತಾರೆ ಒಬ್ಬರು. ಕಾರ್ಡು ಬೇರೆಯವರ ಕೈಗೆ ಹೋಗುತ್ತದಲ್ಲ ಎನ್ನುತ್ತಾರೆ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಎಣ್ಣೆ, ಕೂಲೆಂಟ್ ಮುಟ್ಟುವ ಕೈಗಳಲ್ಲಿ ಬೆರಳ ಗೆರೆ ಸವೆದಿರುತ್ತದೆ. ಬೆಳಗಿನ ಪಾಳಿಯಲ್ಲಿ ಐವತ್ತು ಜನ ಸಾಲಿನಲ್ಲಿ ನಿಂತು ಬೆರಳು ಒರೆಸಿಕೊಳ್ಳುವುದನ್ನು ನೀವೇ ನೋಡಿರುತ್ತೀರಿ. ಅಲ್ಲಿ ಕಾರ್ಡೇ ಲೇಸು. ಆದರೆ ಎಲ್ಲ ಕಾರ್ಡೂ ಒಂದೇ ಅಲ್ಲ. 125 ಕಿಲೋಹರ್ಟ್ಸ್‌ನ ಹಳೆಯ ಪ್ರಾಕ್ಸಿಮಿಟಿ ಕಾರ್ಡು ತನ್ನ ನಂಬರನ್ನು ಕೇಳಿದವರಿಗೆಲ್ಲ ಹೇಳಿಬಿಡುತ್ತದೆ, ಅಗ್ಗದ ಸಾಧನದಲ್ಲಿ ಕ್ಷಣದಲ್ಲಿ ನಕಲಾಗುತ್ತದೆ. 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಕಾರ್ಡ್‌ನ ರಹಸ್ಯ ಲಿಪಿಯನ್ನು ನೆದರ್ಲೆಂಡ್ಸ್‌ನ ರ‍್ಯಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಮುರಿದು ತೋರಿಸಿದ್ದಾರೆ. ಇವತ್ತು ಹೊಸದಾಗಿ ಹಾಕಿಸುವವರು ಎಇಎಸ್-128 ಎಂಬ ಗಟ್ಟಿ ರಹಸ್ಯ ಲಿಪಿ ಬಳಸುವ ಡೆಸ್‌ಫೈರ್ ಇವಿ2 ಅಥವಾ ಇವಿ3 ಕಾರ್ಡನ್ನೇ ಕೇಳಬೇಕು. ಇಲ್ಲೊಂದು ಮೋಸವಿದೆ: ಡೆಸ್‌ಫೈರ್ ಕಾರ್ಡು ಕೊಟ್ಟು, ರೀಡರನ್ನು ಮಾತ್ರ ಕಾರ್ಡಿನ ಬಹಿರಂಗ ಸೀರಿಯಲ್ ನಂಬರ್ ಓದಲು ಬಿಟ್ಟಿರುತ್ತಾರೆ. ಆಗ ಕಾರ್ಡಿನೊಳಗಿನ ರಹಸ್ಯ ಕೀಗೆ ಕೆಲಸವೇ ಇಲ್ಲ. "ರೀಡರ್ ಯಾವ ಫೈಲನ್ನು ಓದುತ್ತದೆ, ಕೀ ಯಾರ ಬಳಿ ಇದೆ?" ಎಂದು ಕೇಳಿ. ಕೀ ನಿಮ್ಮ ಕಂಪನಿಯ ಕೈಯಲ್ಲೇ ಇರಬೇಕು.

ರೀಡರಿನಿಂದ ಕಂಟ್ರೋಲರಿಗೆ ಹೋಗುವ ವೈರಿನ ಕಥೆಯೂ ಹೀಗೇ. ವೀಗಂಡ್ ಎಂಬ ಹಳೆಯ ಪದ್ಧತಿಯಲ್ಲಿ ನಂಬರು ಯಾವ ಮುಸುಕೂ ಇಲ್ಲದೆ ಹೋಗುತ್ತದೆ. ಓಎಸ್‌ಡಿಪಿ ಎಂಬ ಹೊಸ ಪದ್ಧತಿ ಆರ್‌ಎಸ್-485 ವೈರಿನ ಮೇಲೆ ಎರಡೂ ಕಡೆ ಮಾತಾಡುತ್ತದೆ, ಸೆಕ್ಯೂರ್ ಚಾನೆಲ್ ಆನ್ ಮಾಡಿದರೆ ಮಾತೆಲ್ಲ ಮುಸುಕಿನೊಳಗೆ, ರೀಡರ್ ಕಿತ್ತರೆ ತಕ್ಷಣ ತಿಳಿಯುತ್ತದೆ.

ಕಾರ್ಡು ಕೈ ಬದಲಾಗುವ ಭಯವಿದ್ದರೆ ಸರ್ವರ್ ಕೋಣೆಗೂ ಬೆಲೆಬಾಳುವ ಮಾಲಿನ ಸ್ಟೋರಿಗೂ ಕಾರ್ಡಿನ ಜೊತೆ ಪಿನ್ ಸೇರಿಸಿ. ಬೆರಳಚ್ಚು ಬೇಕೇ ಬೇಕೆಂದರೆ ಅದು ವೈಯಕ್ತಿಕ ದತ್ತಾಂಶ ಎಂಬುದು ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಕೆಲಸ ಬಿಟ್ಟವರ ಬೆರಳಚ್ಚು ಹಳೆಯ ಐದು ಮಷಿನ್‌ಗಳಲ್ಲಿ ಉಳಿದಿದ್ದರೆ, ಗುಜರಿಗೆ ಹಾಕುವ ಮುನ್ನ ಅಳಿಸಿ.

ಪ್ರಶ್ನೆ: ಕರೆಂಟು ಹೋದರೆ ಬಾಗಿಲೆಲ್ಲ ತೆರೆದುಕೊಳ್ಳುತ್ತವಂತೆ. ಹಾಗಾದರೆ ರಾತ್ರಿ ಕಳ್ಳರನ್ನು ನಾವೇ ಕರೆದಂತಾಗುವುದಿಲ್ಲವೇ?

ಉತ್ತರ: ಮ್ಯಾಗ್ನೆಟಿಕ್ ಲಾಕ್ ಕರೆಂಟಿನಿಂದಲೇ ಹಿಡಿದು ನಿಲ್ಲುತ್ತದೆ, ಕರೆಂಟು ಹೋದರೆ ಬಿಟ್ಟುಬಿಡುತ್ತದೆ. ಇದು ದೋಷವಲ್ಲ, ಬೆಂಕಿ ಬಿದ್ದಾಗ ಜೀವ ಉಳಿಸುವ ಗುಣ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಹೊರದಾರಿಯ ಬಾಗಿಲನ್ನು ಒಳಗಿರುವವರು ಕೀಲಿಯಿಲ್ಲದೆ ತೆರೆಯುವಂತಿರಬೇಕು. ಆದ್ದರಿಂದ ಫೈರ್ ಅಲಾರಂ ಪ್ಯಾನೆಲಿನ ರಿಲೇ ನೇರವಾಗಿ ಬೀಗದ ಕರೆಂಟನ್ನೇ ಕಡಿಯಬೇಕು. "ಸಾಫ್ಟ್‌ವೇರಿನಲ್ಲಿ ಸೆಟ್ ಮಾಡಿದ್ದೇವೆ ಸಾರ್" ಎಂಬ ಮಾತಿಗೆ ಒಪ್ಪಬೇಡಿ. ಸರ್ವರ್ ಸುಟ್ಟುಹೋದ ಹೊತ್ತಿನಲ್ಲಿ ಸಾಫ್ಟ್‌ವೇರ್ ಎಲ್ಲಿರುತ್ತದೆ? ಬಾಗಿಲ ಒಳಬದಿಯ ಹಸಿರು ಎಮರ್ಜೆನ್ಸಿ ಡಬ್ಬಿಯೂ ಹಾಗೇ, ಬೀಗದ ವೈರಿನಲ್ಲೇ ಸರಣಿಯಾಗಿ ಕೂತಿರಬೇಕು.

ಸ್ಟೋರಿಗೆ ಬೇರೆ ಉಪಾಯವಿದೆ. ಕರೆಂಟು ಹೋದರೂ ಹೊರಗಿನಿಂದ ಮುಚ್ಚೇ ಇರುವ ಫೇಲ್-ಸೆಕ್ಯೂರ್ ಸ್ಟ್ರೈಕ್ (ಚೌಕಟ್ಟಿನಲ್ಲಿ ಕೂರುವ ವಿದ್ಯುತ್ ಬೀಗ) ಹಾಕಿಸಿ, ಒಳಗಿನಿಂದ ಹಿಡಿಕೆ ತಿರುಗಿಸಿದರೆ ಸಾಕು ತೆರೆಯುವಂತಿರಲಿ. ರಾತ್ರಿ ಮುಚ್ಚುವ ರೋಲಿಂಗ್ ಶಟರಿಗೆ ಹಳೆಯ ಬೀಗವೇ ಇರಲಿ.

ಉಳಿದದ್ದು ಬ್ಯಾಟರಿ ಲೆಕ್ಕ. 600 ಪೌಂಡ್, ಅಂದರೆ ಸುಮಾರು 270 ಕಿಲೋ ಹಿಡಿತದ ಮ್ಯಾಗ್ನೆಟಿಕ್ ಲಾಕ್ 12 ವೋಲ್ಟಿನಲ್ಲಿ ಹೆಚ್ಚುಕಡಿಮೆ ಅರ್ಧ ಆಂಪಿಯರ್ ಎಳೆಯುತ್ತದೆ. ನಾಲ್ಕು ಬೀಗಕ್ಕೆ 2, ನಾಲ್ಕು ರೀಡರಿಗೆ 0.4, ಕಂಟ್ರೋಲರಿಗೆ 0.3, ಒಟ್ಟು 2.7 ಆಂಪಿಯರ್. ಎಲ್ಲರೂ ಕೊಡುವ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಇದನ್ನು ಎರಡು ಗಂಟೆಯೂ ಎಳೆಯುವುದಿಲ್ಲ. 26 ಎಎಚ್ ಹಾಕಿಸಿದರೆ ಏಳೆಂಟು ಗಂಟೆ ಬರುತ್ತದೆ, ಪವರ್ ಸಪ್ಲೈ 5 ಆಂಪಿಯರಿನದು ಇರಲಿ.

ಪ್ರಶ್ನೆ: ಹೊಸದಾಗಿ ಹಾಕಿಸಿದ ಮ್ಯಾಗ್ನೆಟಿಕ್ ಲಾಕ್ ಜೋರಾಗಿ ತಳ್ಳಿದರೆ ಬಿಟ್ಟುಕೊಳ್ಳುತ್ತದೆ. ಕೆಲವೊಮ್ಮೆ ಬಾಗಿಲು ತೆರೆದಾಗ ರೀಡರ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬೀಗ ಬದಲಾಯಿಸಬೇಕೇ?

ಉತ್ತರ: ಬದಲಾಯಿಸುವ ಮುನ್ನ ಬಾಗಿಲಿಗೆ ಕೂರಿಸಿದ ಕಬ್ಬಿಣದ ಪಟ್ಟಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಅದು ಸ್ವಲ್ಪ ತೂಗಾಡಬೇಕು. ನಡುವಿನ ಬೋಲ್ಟಿನ ಹಿಂದೆ ರಬ್ಬರ್ ವಾಷರ್ ಇಟ್ಟಿರುವುದೇ ಅದಕ್ಕೆ, ಮ್ಯಾಗ್ನೆಟ್ಟಿನ ಮುಖಕ್ಕೆ ಪಟ್ಟಿ ತಾನೇ ಹೊಂದಿಕೊಂಡು ಪೂರ್ತಿ ಅಂಟಲಿ ಎಂದು. ಬಡಗಿಯೋ ಎಲೆಕ್ಟ್ರಿಷಿಯನ್ನೋ 'ಲೂಸಾಗಿದೆ' ಎಂದು ಬಿಗಿಯಾಗಿ ತಿರುಗಿಸಿಬಿಟ್ಟರೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಅಷ್ಟಕ್ಕೇ ಹಿಡಿತ ಕುಸಿಯುತ್ತದೆ. ಮುಖದ ಮೇಲೆ ಬಣ್ಣ, ಧೂಳು, ಟೇಪು ಇದ್ದರೂ ಇದೇ ಗತಿ.

ಅದು ಸರಿ ಇದ್ದರೆ ಬೀಗ ಹಿಡಿದಿರುವಾಗಲೇ ಅದರ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಎಷ್ಟೋ ಕಡೆ ಕ್ಯಾಟ್-6 ಕೇಬಲಿನಲ್ಲಿ ಉಳಿದ ಒಂದು ಜೋಡಿ ವೈರಿನಲ್ಲೇ ಬೀಗಕ್ಕೂ ಕರೆಂಟು ಕಳಿಸಿರುತ್ತಾರೆ. 50 ಮೀಟರ್ ದೂರಕ್ಕೆ ಅರ್ಧ ಆಂಪಿಯರ್ ಹರಿದರೆ ಅದರಲ್ಲಿ 3 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ, ಬೀಗಕ್ಕೆ ಸಿಗುವುದು 9ರ ಆಸುಪಾಸು. 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಬೇರೆಯಾಗಿ ಎಳೆಸಿದರೆ ನಷ್ಟ ಮುಕ್ಕಾಲು ವೋಲ್ಟನ್ನೂ ದಾಟುವುದಿಲ್ಲ.

ರೀಡರ್ ಆಫ್ ಆಗುವುದು ಬೇರೆ ರೋಗ. ಬೀಗದ ಸುರುಳಿಗೆ ಕರೆಂಟು ಕಡಿದ ಕ್ಷಣ ಅದು ಎದುರೇಟಿನ ವೋಲ್ಟೇಜ್ ಎಸೆಯುತ್ತದೆ. ಬೀಗದ ಟರ್ಮಿನಲ್ಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿಸಿ, ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ತಿರುವಿ ಹಾಕಿದರೆ ಶಾರ್ಟ್ ಆಗುತ್ತದೆ. ಕೆಲವೇ ರೂಪಾಯಿಯ ಈ ತುಂಡು ಇಲ್ಲದೆ ರಿಲೇಯ ಸಂಪರ್ಕಗಳು ಸುಟ್ಟು ಅಂಟಿಕೊಂಡು, ಬಾಗಿಲು ತೆರೆಯದೇ ನಿಂತ ಉದಾಹರಣೆ ಬೇಕಾದಷ್ಟಿವೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಇನ್ನೊಂದು ಶಾಖೆ ಇದೆ. ಎರಡನ್ನೂ ಬೆಂಗಳೂರಿನಿಂದಲೇ ನೋಡಿಕೊಳ್ಳಲು ಕ್ಲೌಡ್ ಒಳ್ಳೆಯದೋ ಸ್ವಂತ ಸರ್ವರೋ?

ಉತ್ತರ: ಕಂಪ್ಯೂಟರ್ ನೋಡಿಕೊಳ್ಳುವವರು ನಿಮ್ಮಲ್ಲೇ ಇದ್ದರೆ ಸ್ವಂತ ಸರ್ವರ್, ಇಲ್ಲದಿದ್ದರೆ ಕ್ಲೌಡ್. ಕ್ಲೌಡ್ ಆದರೆ ಬಾಗಿಲಿನ ಲೆಕ್ಕದಲ್ಲಿ ಪ್ರತಿ ವರ್ಷ ಕಟ್ಟಬೇಕು, ಐದು ವರ್ಷದ ಮೊತ್ತ ಕೂಡಿಸಿ ಹೋಲಿಸಿ. ಕಟ್ಟುವುದು ನಿಲ್ಲಿಸಿದರೆ ಬಾಗಿಲುಗಳ ಗತಿ ಏನೆಂದು ಬರೆದು ಕೊಡಲಿ. ಸ್ವಂತ ಸರ್ವರ್ ಆದರೆ ಎರಡು ಊರಿನ ನಡುವೆ ವಿಪಿಎನ್, ಅಂದರೆ ಹೊರಗಿನವರಿಗೆ ಕಾಣದ ಖಾಸಗಿ ಸಂಪರ್ಕ, ಹಾಕಿಸಿ. ಕಂಟ್ರೋಲರಿನ ಪೋರ್ಟನ್ನು ರೂಟರಿನಲ್ಲಿ ಇಂಟರ್‌ನೆಟ್ಟಿಗೆ ತೆರೆದಿಡುವುದು ಬೀದಿಗೆ ಬಾಗಿಲು ತೆರೆದಿಟ್ಟಂತೆಯೇ. ಡೇಟಾಬೇಸ್ ಬ್ಯಾಕಪ್ ಬೇರೆ ಯಂತ್ರಕ್ಕೆ ದಿನವೂ ಹೋಗಬೇಕು.

ಕೊನೆಯ ಕಂತು ಕೊಡುವ ಮುನ್ನ ಅಡ್ಮಿನ್ ಪಾಸ್‌ವರ್ಡ್, ಡೇಟಾಬೇಸ್ ಪಾಸ್‌ವರ್ಡ್, ಕಾರ್ಡಿನ ಕೀ, ಲೈಸೆನ್ಸ್ ಫೈಲು, ಯಾವ ವೈರ್ ಎಲ್ಲಿಗೆ ಎಂಬ ನಕ್ಷೆ ಇಷ್ಟನ್ನೂ ಕೈಗೆ ಪಡೆದು, ಪಾಸ್‌ವರ್ಡುಗಳನ್ನು ಅಂದೇ ಬದಲಾಯಿಸಿ. ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರಿನಲ್ಲಿ ಬ್ಯಾಟರಿ ಸೇರಿದೆಯೇ ಎಂದೂ ಓದಿ ನೋಡಿ. ಬಹುತೇಕ ಸೇರಿರುವುದಿಲ್ಲ.