ಇಳಕಲ್ ಸೀರೆಯ ಸೆರಗಿನ ಜೋಡಣೆ ಬಿಟ್ಟುಕೊಂಡಿದ್ದರೆ

ಅಜ್ಜಿಯ ಇಳಕಲ್ ಸೀರೆ ಕೆಂಪು ಸೆರಗು ಶುರುವಾಗುವ ಗೆರೆಯಲ್ಲೇ ಬಿಟ್ಟಿದೆ, ಮೆಷಿನ್ ಹೊಲಿಗೆ ಹಾಕಬಹುದಾ ಅಂತ ಕೇಳಿದ್ದಿರಲ್ಲ, ಅದು ಹೊಲಿಗೆ ಬಿಚ್ಚಿದ್ದಲ್ಲ. ಬಹುಶಃ ಕೊಂಡಿ, ಅಂದರೆ ಒಡಲಿಗೂ ಸೆರಗಿಗೂ ಇರುವ ಎಳೆಗಳ ಜೋಡಣೆ, ಸವೆದಿದೆ. ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಗೆ ಸಿಕ್ಕಿಸಿ ಜೋಡಿಸಿ ನೇಯ್ದಿರುತ್ತಾರೆ. ಎಂಥ ತಾಳ್ಮೆಯ ಕೆಲಸ ಅಲ್ವಾ!

ಮೆಷಿನ್ ಹೊಲಿಗೆ ಬೇಡ, ಇನ್ನಷ್ಟು ಎಳೆ ಕಡಿಯುತ್ತೆ. ಮೊದಲು ಸೀರೆ ಹರವಿ, ಹಿಂದೆ ನಾಲ್ಕು ಬೆರಳಗಲದ ಮಲ್ ಬಟ್ಟೆ (ತೆಳು ಹತ್ತಿ ಬಟ್ಟೆ) ಇಡಿ. ಆಮೇಲೆ ಗಟ್ಟಿ ಇರುವ ಕಡೆಯಿಂದ ಶುರುಮಾಡಿ, ಸಣ್ಣ ಸೂಜಿ, ಒಂಟಿ ರೇಷ್ಮೆ ಎಳೆಯಲ್ಲಿ ಸಡಿಲವಾಗಿ ಕೈಹೊಲಿಗೆ ಹಾಕಿ. ಮುಟ್ಟಿದರೆ ರೇಷ್ಮೆಯೇ ಪುಡಿಯಾಗುತ್ತಿದ್ದರೆ ಈ ಹೊಲಿಗೆ ನಿಲ್ಲುವುದು ಅನುಮಾನ. ಆಗ ಉಡಬೇಡಿ, ಸುತ್ತಿಡಿ. ಮಡಿಕೆ ಮಾತ್ರ ಆ ಗೆರೆಯ ಮೇಲೆ ಬರಬಾರದು.